ಯಬಡಿ ಎಂಬ ಹೆಸರು

ಶಿಲ್ಪಾ, ಮಹೇಶ, ಮೊಮ್ಮಕ್ಕಳು ಇಬ್ಬರೂ ಇದನ್ನು ಓದಿರಿ. ನೀವು ಕಲಿತದ್ದು ತೆಲುಗು ಶಾಲೆಯಲ್ಲಿ, ನನ್ನ ಬರಹ ಕನ್ನಡದ್ದು. ಆದರೆ ಎರಡೂ ಅಕ್ಷರಗಳು ಅಣ್ಣತಮ್ಮಂದಿರ ಹಾಗೆ, ತಲೆಕಟ್ಟು ಒಂದಿಷ್ಟು ಬೇರೆ, ಮುಖ ಅದೇ. ನಿಧಾನಕ್ಕೆ ಕೂಡಿಸಿಕೊಂಡರೆ ಓದಲು ಬರುತ್ತದೆ. ಬರದಿದ್ದರೆ ನಿಮ್ಮಪ್ಪನ ಕೈಲಿ ಓದಿಸಿಕೊಳ್ಳಿ, ನನ್ನನ್ನು ಮಾತ್ರ ಕೇಳಬೇಡಿ. ಬಾಯಿಬಿಟ್ಟು ಹೇಳುವ ಹೆಂಗಸಾಗಿದ್ದರೆ ಈ ವಯಸ್ಸಿನಲ್ಲಿ ಪೆನ್ನು ಯಾಕೆ ಹಿಡಿಯುತ್ತಿದ್ದೆ? ನಾಲ್ಕು ಮಂದಿ ಕೂತಲ್ಲಿ ನೀರು ಕೇಳಲೂ ನನಗೆ ನಾಚಿಕೆ. ಗಂಟಲು ಒಣಗಿಸಿಕೊಂಡು ಕೂತಿರುತ್ತೇನೆ.

ಮೊನ್ನೆ ಫೋನಿನಲ್ಲಿ ನಡೆದದ್ದನ್ನು ನೀವು ಮರೆತಿರಲಾರಿರಿ. ಶಿಲ್ಪಾ ನಾರಾಯಣಖೇಡದಿಂದ ಕೂಸಿನ ಮುಖ ತೋರಿಸುತ್ತಿದ್ದಳು. ಕೂಸು ನನ್ನನ್ನೇ ನೋಡಿದ ಹಾಗೆ ನೋಡಿ, ಬೊಚ್ಚುಬಾಯಿ ಬಿಟ್ಟು ನಕ್ಕಿತು. ನನ್ನ ಬಾಯಿಂದ ತಾನಾಗಿಯೇ ಬಂತು: "ಥೂ ಥೂ, ಯಬಡಿ! ಎಂಥಾ ಯಬಡಿ ಕೂಸವ್ವ ಇದು!"

ಶಿಲ್ಪಾ, ನಿನ್ನ ಮುಖ ಸಣ್ಣದಾಯಿತು. "ಆಯಿ, ನೀನೂ ಹಂಗೇ ಅಂತೀಯೇನು? ಇಲ್ಲಿ ನಮ್ಮ ಅತ್ತಿಯವರು ಅದೇ ಹಟ ಹಿಡದಾರ. ತೊಟ್ಲಾಗ ಹಾಕೋ ದಿನ ಯಬಡಿ ಅಂತೇ ಹೆಸರಿಡಬೇಕಂತ" ಅಂದೆ. ಆಮೇಲೆ ಫೋನು ಗೋಡೆಯ ಕಡೆ ತಿರುಗಿತು. ಸ್ವಲ್ಪ ಹೊತ್ತು ಬರೀ ಕ್ಯಾಲೆಂಡರು ಕಂಡಿತು, ಕೊನೆಗೆ ಅದೂ ಹೋಯಿತು. ಪಕ್ಕದಲ್ಲಿ ಕೂತಿದ್ದ ಮಹೇಶ ಕೇಳಿದ: "ಯಬಡಿ ಅಂದ್ರ ಏನಾಯಿ? ಪಿಚ್ಚಿ ಅಂದಂಗೇನು?" ನಾನು "ಹಂಗೇ ಏನೋ" ಅಂದು ಎದ್ದು ಒಲೆಯ ಕಡೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಶಿಲ್ಪಾ, ನಿನ್ನ ಮೊದಲ ಎರಡು ಕೂಸು ತೊಟ್ಟಿಲು ಕಾಣದೆ ಹೋದವು. ಇದು ಮೂರನೆಯದು. ಹೊಟ್ಟೆಯ ಮೇಲೆ ಮಗುಚಲು ಕಲಿತಿದೆ, ಇನ್ನೂ ಹೆಸರಿಲ್ಲ. ಹೆಸರಿಡಲು ನಿಮ್ಮ ಮನೆಯಲ್ಲಿ ಎಲ್ಲರಿಗೂ ಹೆದರಿಕೆ. ನನಗೂ ಹೆದರಿಕೆಯೇ. ಅದಕ್ಕೇ ಈ ಮಾತಿನ ಬಗ್ಗೆ ನನಗೆ ಗೊತ್ತಿರುವಷ್ಟನ್ನು ಬರೆದಿಡುತ್ತೇನೆ. ಓದಿ, ಆಮೇಲೆ ನೀವೇ ತೀರ್ಮಾನ ಮಾಡಿ.

ಮಹೇಶ, ಮೊದಲು ನಿನ್ನ ಪ್ರಶ್ನೆ. ಯಬಡ ಅಂದರೆ ಹುಚ್ಚ ಅಲ್ಲ. ಹುಚ್ಚನನ್ನು ಕಂಡರೆ ಊರು ದಾರಿ ಬಿಡುತ್ತದೆ, ಯಬಡನನ್ನು ಕಂಡರೆ ಕರೆದು ಕೆಲಸ ಹೇಳುತ್ತದೆ. ದಡ್ಡ ಅಂತಲೂ ಅಲ್ಲ. ದಡ್ಡ ಎನ್ನುವುದು ಮಾಸ್ತರರ ಮಾತು, ಶಾಲೆ ಬಿಟ್ಟ ಮೇಲೆ ಅದು ಬೆನ್ನು ಹತ್ತುವುದಿಲ್ಲ. ಜಹೀರಾಬಾದಿನ ಬಜಾರಿನಲ್ಲಿ ಬೇಕೂಫ್ ಅನ್ನುತ್ತಾರೆ, ಅದರಲ್ಲಿ ಸಿಟ್ಟಿದೆ, ಅದರ ಹಿಂದೆಯೇ ಕೈ ಬೀಸಿ ಬರಬಹುದು. ಯಬಡ ಎನ್ನುವಾಗ ಸಿಟ್ಟು ಪೂರಾ ಬರುವುದಿಲ್ಲ, ಅರ್ಧ ನಗುವೇ ಇರುತ್ತದೆ. ಮೋಡ ನೋಡದೆ ಜೋಳ ಒಣಗಲು ಹಾಕಿದವನು ಯಬಡ. ಬೀಗರ ಮನೆಯಲ್ಲಿ "ಊಟಕ್ಕ ಏಳ್ರಿ" ಎಂದು ಒಂದು ಸಲ ಕರೆದದ್ದಕ್ಕೇ ಎದ್ದು ಹೊರಟವನು ಯಬಡ. ಸಂತೆಯಲ್ಲಿ ಕುರಿ ಮಾರಲು ನಿಂತು, ಕೊಳ್ಳಲು ಬಂದವನಿಗೆ "ಇದಕ್ಕ ರಾತ್ರಿ ಕೆಮ್ಮು ಬರ್ತದ ನೋಡ್ರಿ" ಎಂದು ತಾನೇ ಹೇಳಿದವನು ಯಬಡ. ಈ ಕೊನೆಯವನು ನಮ್ಮಪ್ಪ.

ನನಗೂ ಆ ಮಾತು ಸಿಕ್ಕಿದೆ. ಮದುವೆಯಾದ ಹೊಸದರಲ್ಲಿ ನಿಮ್ಮ ಮುತ್ಯಾ ನನ್ನನ್ನು ಜಹೀರಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿ ಬಿಸ್ಕೀಟು ತರಲು ಹೋದರು. ನನ್ನ ಅಕ್ಕಪಕ್ಕ ಕೂತಿದ್ದ ಹೆಂಗಸರೆಲ್ಲ ಒಟ್ಟಿಗೇ ಎದ್ದು ಒಂದು ಬಸ್ಸು ಹತ್ತಿದರು. ಆ ಕಟ್ಟೆಯ ಮೇಲೆ ಒಬ್ಬಳೇ ಕೂರಲು ನಾಚಿಕೆಯಾಗಿ ನಾನೂ ಹತ್ತಿದೆ. ಬಸ್ಸು ನಾರಾಯಣಖೇಡದಲ್ಲಿ ನಿಂತಿತು. ಅದರ ಹಿಂದೆಯೇ ಹೊರಟ ಬಸ್ಸಿಗೆ ನಿಮ್ಮ ಮುತ್ಯಾ ಬೆವರು ಸುರಿಸಿಕೊಂಡು ಬಂದರು.

"ಯಾಕ ಹತ್ತಿದಿ?"

"ಎಲ್ಲಾರೂ ಹತ್ತಿದ್ರುರಿ."

"ಎಲ್ಲಿಗಿ ಹೋಗ್ತದ ಅಂತ ಕೇಳಬೇಕಿಲ್ಲೇನು?"

"ಯಾರಿಗಿ ಕೇಳಬೇಕ್ರಿ, ಎಲ್ಲಾ ಹೊಸ ಮಂದಿ."

"ಯಬಡಿ!" ಎಂದು ಬಿಸ್ಕೀಟಿನ ಪುಡಿಕೆಯನ್ನು ನನ್ನ ಉಡಿಯಲ್ಲಿ ಹಾಕಿದರು. ನಾಲ್ಕು ಹೆಜ್ಜೆ ಮುಂದೆ ಹೋಗಿ ಗೋಡೆಯ ಕಡೆ ತಿರುಗಿ ನಕ್ಕದ್ದು ನನಗೆ ಬೆನ್ನಿನ ಅಲುಗಾಟದಿಂದ ತಿಳಿಯಿತು. ಅವರು ಹೋದ ಮೇಲೆ ಆ ಮಾತು ಯಾರೂ ನನಗೆ ಅಂದಿಲ್ಲ. ನಿಮ್ಮಪ್ಪ, ನಿಮ್ಮವ್ವ ಮರ್ಯಾದೆಯ ಮಂದಿ. ಅದರ ದುಃಖ ಬೇರೆ, ಅದನ್ನು ಬರೆಯಲು ಈಗ ಕೂತಿಲ್ಲ.

ಬರೆಯಬೇಕಾಗಿರುವುದು ನನ್ನ ತಂಗಿಯ ಬಗ್ಗೆ. ನೀವು ಪೆದ್ದೆಮುಲ್ ಆಯಿ ಎಂದು ಕರೆಯುತ್ತಿದ್ದಿರಲ್ಲ, ಆಕೆಯೇ. ಆಕೆಯ ಹೆಸರೇನು ಎಂದು ನೀವು ಎಂದೂ ಕೇಳಲಿಲ್ಲ. ಕೇಳಿದ್ದರೆ ಆಕೆ ಹೇಳುತ್ತಿದ್ದಳು. ಆಕೆಯ ಹೆಸರು ಯಬಡಿ. ಬೇರೆ ಹೆಸರು ಇರಲಿಲ್ಲ.

ನನ್ನ ತವರು ಬಶೀರಾಬಾದ್ ಹತ್ತಿರದ ಹಳ್ಳಿ. ಒಂದು ಮೈಲಿ ಆಚೆ ಹೋದರೆ ಕರ್ನಾಟಕ. ಕುರಿ ಇದ್ದವು, ತೊಗರಿ ಬೆಳೆಯುವ ಒಂದಿಷ್ಟು ಹೊಲವಿತ್ತು. ನನ್ನ ಬೆನ್ನಿಗೆ ಹುಟ್ಟಿದ ಕೂಸುಗಳು ಒಂದೂ ಉಳಿದಿರಲಿಲ್ಲ. ಒಂದಕ್ಕೆ ಜ್ವರ, ಒಂದಕ್ಕೆ ಏನೆಂದೇ ತಿಳಿಯಲಿಲ್ಲ. ಅವುಗಳಿಗೆಲ್ಲ ಚಂದ ಚಂದದ ಹೆಸರಿಟ್ಟಿದ್ದರಂತೆ. ಆಮೇಲೆ ತಂಗಿ ಹುಟ್ಟಿದಳು. ಅಪ್ಪನ ತಾಯಿ, ನಮ್ಮ ಆಯಿ, ಈ ಸಲ ಹೆಸರಿನ ಕೆಲಸ ತನ್ನ ಕೈಗೆ ತೆಗೆದುಕೊಂಡಳು.

ಕೂಸನ್ನು ಮೊರದಲ್ಲಿ ಮಲಗಿಸಿ, ಮೊರವನ್ನು ಎಳೆದುಕೊಂಡು ಹೋಗಿ ಹಿತ್ತಲಿನ ತಿಪ್ಪೆಯ ಮೇಲೆ ಬಿಟ್ಟು, ಹಿಂದೆ ನೋಡದೆ ಒಳಗೆ ಬಂದಳು. ನಾನು ಅವ್ವನ ಸೆರಗು ಹಿಡಿದು ಬಾಗಿಲಲ್ಲಿ ನಿಂತು ಅಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಕಾಶಮ್ಮ ಮೊರ ಎತ್ತಿಕೊಂಡು ಮುಂಬಾಗಿಲಿಗೆ ಬಂದಳು. ಊರಿಗೆಲ್ಲ ಕೇಳುವ ಹಾಗೆ ಕೂಗಿದಳು: "ಯಾರೋ ಯಬಡಿ ಕೂಸು ತಿಪ್ಪಿಮ್ಯಾಲ ಒಗದು ಹೋಗ್ಯಾರ್ರಿ! ನಿಮಗ ಬೇಕೇನ್ರಿ?"

ಆಯಿ ಮುಖ ಸಿಂಡರಿಸಿದಳು. "ಯಬಡಿ ತಗೊಂಡು ನಾವೇನ್ ಮಾಡೋದದ?"

"ನಂಗರ ಯಾಕ ಬೇಕ್ರಿ? ಇದರ ಮಾರಿ ನೋಡ್ರಿ, ಕುರಿ ಮುಖ ಇದ್ದಂಗದ."

"ಇರಲಿ ಬಿಡು. ಕುರಿ ಹಿಂದ ಹೋಗಾಕರ ಆಗ್ತದ" ಎಂದು ಆಯಿ ಒಂದು ಬೊಗಸೆ ನುಚ್ಚು ಕೊಟ್ಟು ಕೂಸನ್ನು ಕೊಂಡಳು. ಇಷ್ಟೂ ಮಾತು ಕೇಳಿಸಬೇಕಾದದ್ದು ಸಾವಿಗೆ, ಅದಕ್ಕಾಗಿಯೇ ಈ ಕೂಗಾಟ. ಚಂದದ್ದು, ಶಾಣ್ಯಾ ಅಂದರೆ ಜಾಣ ಇದ್ದದ್ದು ಕಂಡರೆ ಅದು ಕೈ ಚಾಚುತ್ತದೆ. ತಿಪ್ಪೆಯಿಂದ ನುಚ್ಚಿಗೆ ಕೊಂಡ ಯಬಡಿ ಅದಕ್ಕೂ ಬೇಡ. ಆ ದಿನವೇ ಆಯಿ ಮನೆಯವರನ್ನೆಲ್ಲ ಕೂರಿಸಿ ಕಟ್ಟು ಮಾಡಿದಳು. ಈ ಕೂಸನ್ನು ಯಾರೂ ಹೊಗಳಬಾರದು. ಯಾಕೆಂದು ಕೂಸಿಗೂ ಹೇಳಬಾರದು, ಮಕ್ಕಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಆಕೆಯ ಮದುವೆಯ ದಿನ ತಾನೇ ಎಲ್ಲರ ಮುಂದೆ ಹೇಳಿ, ಒಳ್ಳೆಯ ಹೆಸರಿಟ್ಟು ಕಳಿಸುತ್ತೇನೆ ಅಂದಳು.

ಊರಿಗೆಲ್ಲ ಇದು ತಿಳಿದಿತ್ತು. ಹೊಸಬರು ಯಾರಾದರೂ ಬಂದು, "ಏನ್ ಶಾಣ್ಯಾ ಅದಾಳ್ರಿ ನಿಮ್ಮ ಸಣ್ಣಾಕಿ" ಅಂದರೆ, ಆಯಿ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: "ಶಾಣ್ಯಾ ಎಲ್ಲಿ ಬಂತ್ರಿ? ಹಾಲು ಯಾವುದು, ಸುಣ್ಣದ ನೀರು ಯಾವುದು, ಆಕಿಗಿ ತಿಳಿಯಂಗಿಲ್ಲ." ಬಂದವರಿಗೆ ತಟ್ಟನೆ ಅರ್ಥವಾಗಿ, "ಹೌದ್ರಿ ಹೌದ್ರಿ, ಬಾಳ ಯಬಡಿ ಅದಾಳ" ಎಂದು ಗಲ್ಲ ಹಿಂಡಿ ಹೋಗುತ್ತಿದ್ದರು. ಎಷ್ಟು ಪ್ರೀತಿಯಿಂದ ಹಿಂಡುತ್ತಿದ್ದರೆಂದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನನ್ನು ಯಾರೂ ಯಬಡಿ ಅನ್ನುತ್ತಿರಲಿಲ್ಲ. ನಾನು ಹುಟ್ಟಿದಾಗ ಯಾರಿಗೂ ಹೆದರಿಕೆ ಇರಲಿಲ್ಲವಲ್ಲ.

ತಂಗಿ ನಡೆದಳು, ಮಾತಾಡಿದಳು, ಬೆಳೆದಳು. ಸಾವು ನಮ್ಮ ಮನೆಯ ಕಡೆ ತಿರುಗಿ ನೋಡಲಿಲ್ಲ. ನನ್ನ ಹಿಂದೆ ಶಾಲೆಗೂ ಬಂದಳು. ನಮ್ಮ ಮಾಸ್ತರರು ಬೀದರಿನ ಕಡೆಯವರು, ಹೊಸದಾಗಿ ಬಂದಿದ್ದರು, ಮನೆಯ ಕಟ್ಟು ಅವರಿಗೆ ಗೊತ್ತಿರಲಿಲ್ಲ. ಒಂದು ದಿನ ಲೆಕ್ಕ ಕೇಳಿದರು. ದೊಡ್ಡ ಹುಡುಗರು ಬೆರಳು ಮಡಚುತ್ತಿರುವಾಗಲೇ ತಂಗಿ ಉತ್ತರ ಹೇಳಿಬಿಟ್ಟಳು. ಮಾಸ್ತರರು ಸಂತೋಷದಿಂದ, "ಶಾಬಾಷ್! ಇಡೀ ಶಾಲ್ಯಾಗ ಈಕಿ ಒಬ್ಬಾಕಿನೇ ಶಾಣ್ಯಾ" ಅಂದರು.

ಅದೇ ಹೊತ್ತಿಗೆ ಆಯಿ ನಮ್ಮ ರೊಟ್ಟಿಯ ಗಂಟು ತಂದು ಕಿಟಕಿಯ ಹತ್ತಿರ ನಿಂತಿದ್ದಳು. ಗಂಟು ಕಿಟಕಿಯಲ್ಲೇ ಬಿಟ್ಟು ಒಳಗೆ ನುಗ್ಗಿದಳು.

"ಮಾಸ್ತರ್ರ, ಏನ್ ಅಂದ್ರಿ ಈಗ? ಆ ಮಾತು ಹೊಳ್ಳಿ ತಗೋರಿ!"

"ಯಾಕ್ರಿ ಅಮ್ಮಾ, ಆಕಿ ಖರೇನೇ..."

"ಆಕಿ ಯಬಡಿ! ಆಕಿಗಿ ಏನೂ ಬರಂಗಿಲ್ಲ. ಹಂಗೇ ಬಾಯಿಗಿ ಬಂದಿದ್ದು ಒದರ್ಯಾಳ. ಯಬಡಿ ಅದಾಳ ಅಂತ ಅನ್ರಿ ಮೊದಲ!"

ಮಾಸ್ತರರು ಮುದುಕಿಯ ಕಣ್ಣು ನೋಡಿ ಹೆದರಿದರೋ ಏನೋ, ಮೆಲ್ಲಗೆ, "ಆತ್ರಿ, ಯಬಡಿ ಅದಾಳ" ಅಂದರು. ಮಕ್ಕಳೆಲ್ಲ ನಕ್ಕವು. ನನಗೂ ನಗು ಬಂದಿತ್ತು, ಆಯಿ ಮಾಸ್ತರರನ್ನು ಗದರಿಸಿದ್ದು ನಮಗೆ ಹಬ್ಬದಂತಿತ್ತು. ತಂಗಿ ಮಾತ್ರ ತನ್ನ ಪಾಟಿಯ ಮೇಲೆ ಬರೆದದ್ದನ್ನು ಅಂಗೈಯಿಂದ ಒರೆಸುತ್ತ ಕೂತಿದ್ದಳು. ಮರುದಿನ ಶಾಲೆಗೆ ಕರೆದರೆ ಕುರಿಯ ಹಟ್ಟಿಯಲ್ಲಿ ಅಡಗಿ ಕೂತು, "ನೀ ಹೋಗಕ್ಕ. ನಾ ಯಬಡಿ ಇದ್ದೀನಿ, ನಂಗ ಬರಂಗಿಲ್ಲ" ಅಂದಳು. ಮನೆಯಲ್ಲಿ ಯಾರೂ ಒತ್ತಾಯ ಮಾಡಲಿಲ್ಲ. ಹೆಣ್ಣು ಹುಡುಗಿ, ಬದುಕಿದ್ದಾಳೆ, ಅಷ್ಟು ಸಾಕಾಗಿತ್ತು.

ಆಯಿ ಆಕೆಯ ಮದುವೆಗೆ ಮೊದಲೇ ತೀರಿಕೊಂಡಳು. ಇಟ್ಟ ಕಟ್ಟನ್ನು ಬಿಚ್ಚುವ ಧೈರ್ಯ ಮನೆಯಲ್ಲಿ ಯಾರಿಗೂ ಆಗಲಿಲ್ಲ. ಮದುವೆಯಾಗಲಿ ಎಂದರು. ಮದುವೆಯಾದ ಮೇಲೆ ಮೊದಲ ಕೂಸಾಗಲಿ ಎಂದರು. ತಂಗಿ ಪೆದ್ದೆಮುಲ್ ಕಡೆ ಕೊಟ್ಟ ಮನೆಗೆ ಯಬಡಿಯಾಗಿಯೇ ಹೋದಳು. ಗಂಡ ಒಳ್ಳೆಯವನು, ಅತ್ತೆಯೂ ಕೆಟ್ಟವಳಲ್ಲ. ತವರಿನವರೇ ಹಾಗೆ ಕರೆದು ಕಳಿಸಿದ ಮೇಲೆ ಅವರಾದರೂ ಏನೆಂದು ತಿಳಿಯಬೇಕು? ನಮ್ಮೂರಲ್ಲಿ ಎಲ್ಲರಿಗೂ ಅದು ಆಟವೆಂದು ಗೊತ್ತಿತ್ತು. ಆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡೂ ಊರಲ್ಲಿ ಗೊತ್ತಿಲ್ಲದಾಕೆ ನನ್ನ ತಂಗಿ ಒಬ್ಬಳೇ.

ಆಕೆ ಬಸುರಾಗಿದ್ದಾಳೆಂದು ಸುದ್ದಿ ಬಂತು. ದಿನ ತುಂಬುವ ಹೊತ್ತಿಗೆ ಇನ್ನೊಂದು ಸುದ್ದಿ ಬಂತು, ಕೂಸು ಸತ್ತೇ ಹುಟ್ಟಿತೆಂದು. ನಾನೂ ಅವ್ವನೂ ಹೋದೆವು. ತಂಗಿ ಒಳಕೋಣೆಯಲ್ಲಿ ಕೌದಿಯ ಮೇಲೆ ಮಲಗಿದ್ದಳು. ಹೊರಗೆ ಸುಗ್ಗಿಯ ರಾಶಿ ನಡೆದಿತ್ತು, ತೊಗರಿಯ ಹೊಟ್ಟು ತೂರುತ್ತಿದ್ದರು, ಧೂಳು ಬಾಗಿಲ ಸಂದಿಯಿಂದ ಒಳಗೆ ಬರುತ್ತಿತ್ತು. ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು: "ಕೂಸು ಒದೆಯೋದು ಯಾವಾಗೋ ನಿಂತಿತ್ತಕ್ಕ."

"ಮತ್ತ ಯಾರ ಮುಂದೂ ಯಾಕ ಹೇಳಲಿಲ್ಲ? ನಿಮ್ಮತ್ತಿ ಮುಂದ ಹೇಳಬೇಕಿತ್ತಲ್ಲ? ತಾಂಡೂರಿನ ದವಾಖಾನಿಗರ ಒಯ್ತಿದ್ರಲ್ಲ?"

"ನಂಗ ಹಂಗ ಅನಿಸ್ತು. ಖರೆ, ನಂಗ ಅನಿಸಿದ್ದು ಸರಿ ಇರ್ತದೇನು? ನಾ ಯಬಡಿ ಅಲ್ಲೇನಕ್ಕ. ರಾಶಿ ಟೈಮಿನ್ಯಾಗ ಏನರ ತಪ್ಪು ಹೇಳಿ ಮಂದೀದು ಕೆಲಸ ಕೆಡಸಬಾರದಂತ ಸುಮ್ನಾದೆ."

ಅವ್ವ ಆ ಮಾತು ಕೇಳಿ ಕೌದಿಯ ಮೇಲೆ ಕೂತಳು. ಆಯಿಯ ಕಟ್ಟು, ತಿಪ್ಪೆ, ಮೊರ, ಕಾಶಮ್ಮ, ನುಚ್ಚು, ಎಲ್ಲವನ್ನೂ ಅಳುತ್ತಳುತ್ತ ಹೇಳಿದಳು. "ನೀ ಯಬಡಿ ಅಲ್ಲ ನನ್ನವ್ವ. ನಮ್ಮ ಮನ್ಯಾಗ ನಿನ್ನಷ್ಟು ಶಾಣ್ಯಾ ಯಾರೂ ಹುಟ್ಟಿಲ್ಲ. ನಿನ್ನ ಉಳಿಸ್ಕೊಳ್ಳಾಕ ಹಂಗ ಅಂದೇವು."

ತಂಗಿ ತನ್ನ ಸೆರಗಿನಿಂದ ಅವ್ವನ ಕಣ್ಣು ಒರೆಸಿದಳು.

"ಅಳಬ್ಯಾಡವ್ವ. ಕೂಸು ಹೋಗ್ಯಾದ ಅಂತ ನನ್ನ ಸಮಾಧಾನಕ್ಕ ಹೇಳ್ತಿ. ಅಷ್ಟೂ ತಿಳಿಯದಷ್ಟು ಯಬಡಿ ಅಲ್ಲ ನಾನು."

ಆಮೇಲೆ ನಾವು ಎಷ್ಟು ಹೇಳಿದರೂ ಆಕೆಗೆ ಅದು ಸಮಾಧಾನದ ಮಾತಾಗಿಯೇ ಕೇಳಿತು. ಮತ್ತೆ ಮಕ್ಕಳಾಗಲಿಲ್ಲ. ಗಂಡನ ಜೊತೆ ಕುರಿ ನೋಡಿಕೊಂಡು ಬಾಳಿದಳು. ನಮ್ಮ ಮನೆಗೆ ಬಂದಾಗ ತಾನೇ ಮಾಡಿದ ಪಲ್ಯವನ್ನು ಒಂದು ಚಮಚೆ ನನ್ನ ಕೈಗೆ ಹಾಕಿ, "ಉಪ್ಪು ಆಗ್ಯಾದೇನಕ್ಕ?" ಎಂದು ಕೇಳುತ್ತಿದ್ದಳು. ತಾನು ರುಚಿ ನೋಡುತ್ತಿರಲಿಲ್ಲ. ಒಂದು ಸಲ ಚಳಿಗಾಲದ ಮುಂಜಾನೆ ಕಟ್ಟೆಯ ಮೇಲೆ ನಡುಗುತ್ತ ಕೂತಿದ್ದಳು, ಕಂಬಳಿ ಪಕ್ಕದಲ್ಲೇ ಇತ್ತು.

"ಅಕ್ಕ, ಇವತ್ತು ಥಂಡಿ ಅದ ಏನು?"

"ಅದ ಅಲ್ಲೇನು, ಗೊತ್ತಾಗಂಗಿಲ್ಲೇನು ನಿಂಗ?"

"ಹಂಗಾದ್ರ ಹೊಚ್ಕೊತೀನಿ" ಎಂದು ಕಂಬಳಿ ಎಳೆದುಕೊಂಡಳು.

ಆ ಮಾತಿಗೆ ನಾನು ನಕ್ಕೆ, ಆಕೆಯೂ ನಕ್ಕಳು. ಈಗ ನೆನೆಸಿಕೊಂಡರೆ ನಗು ಬರುವುದಿಲ್ಲ. ತನಗೆ ಚಳಿಯಾಗಿದೆಯೋ ಇಲ್ಲವೋ ಎಂಬುದನ್ನೂ ಇನ್ನೊಬ್ಬರು ಹೇಳಿದ ಮೇಲೆಯೇ ನಂಬುವ ಹಾಗೆ ನಾವು ಆಕೆಯನ್ನು ಬೆಳೆಸಿದ್ದೆವು. ಆಕೆ ಹೋಗಿ ಎರಡು ಚಳಿಗಾಲ ಕಳೆದವು.

ಶಿಲ್ಪಾ, ನಿನ್ನ ಅತ್ತೆಯ ಮೇಲೆ ಸಿಟ್ಟಾಗಬೇಡ. ಆಕೆಯೂ ಎರಡು ಸಲ ಮೊಮ್ಮಕ್ಕಳನ್ನು ಮಣ್ಣಿಗೆ ಕೊಟ್ಟು ಬಂದವಳು, ನಿನ್ನ ಕೂಸು ಉಳಿಯಲೆಂದೇ ಹಟ ಹಿಡಿದಿದ್ದಾಳೆ. ನಮ್ಮ ಆಯಿಯೂ ಹಾಗೆಯೇ ಇದ್ದಳು. ಆಕೆಯಷ್ಟು ಆ ಕೂಸನ್ನು ಪ್ರೀತಿಸಿದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಇನ್ನೂ ಒಂದು ಮಾತನ್ನು ಮುಚ್ಚಿಡಬಾರದು. ನನ್ನ ತಂಗಿ ಬದುಕಿದಳು. ಚಂದದ ಹೆಸರಿನವು ಹೋದವು, ಯಬಡಿ ತಲೆ ನೆರೆಯುವ ತನಕ ಇದ್ದಳು. ಹೆಸರು ಕಾಯಿತೋ, ಸುಮ್ಮನೆ ಹಾಗೆ ಆಯಿತೋ, ನನಗೆ ಗೊತ್ತಿಲ್ಲ. ಮಹೇಶ ನಗುತ್ತಾನೆ, ನಗಲಿ. ಕೂಸು ಫೋನಿನಲ್ಲಿ ನಕ್ಕಾಗ ನನ್ನ ಬಾಯಿಂದ ಆ ಮಾತು ಬಂದದ್ದು ಇದೇ ಹೆದರಿಕೆಯಿಂದ. ಇಷ್ಟೆಲ್ಲ ಕಂಡ ಮೇಲೂ ಬಂತು. ಆ ಹೆದರಿಕೆ ನನ್ನ ಹೊಟ್ಟೆಯಲ್ಲಿ ಈಗಲೂ ಇದೆ, ಅದನ್ನು ಇಟ್ಟುಕೊಂಡೇ ಮುಂದಿನ ಮಾತು ಬರೆಯುತ್ತೇನೆ.

ಈ ಕೂಸಿಗೆ ಆ ಹೆಸರು ಬೇಡ.

ತೊಟ್ಟಿಲ ದಿನ ನಾನು ನಾರಾಯಣಖೇಡಕ್ಕೆ ಬರುತ್ತೇನೆ. ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುತ್ತಾಳೆ, ಹೆಂಗಸರು ನಗುತ್ತ ಆಕೆಯ ಬೆನ್ನಿಗೆ ಗುದ್ದುತ್ತಾರೆ. ಆಗ ಯಾರಾದರೂ ಯಬಡಿ ಎಂದು ಹೇಳು ಎಂದರೆ, ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅಷ್ಟು ಮಂದಿಯ ನಡುವೆ ತಲೆ ತಗ್ಗಿಸಿ ಕೂತಿರುತ್ತೇನೆ. ನನ್ನ ಗುಣ ನನಗೆ ಗೊತ್ತು. ಅದಕ್ಕೇ ಮೊದಲೇ ಬರೆದು ಕಳಿಸುತ್ತಿದ್ದೇನೆ. ಮಹೇಶ, ನಿನಗೆ ನಾಚಿಕೆ ಇಲ್ಲ, ದೊಡ್ಡ ಗಂಟಲಿದೆ. ಆ ದಿನ ನೀನು ಎದ್ದು ನಿಂತು ಇದನ್ನು ಓದಿ ಹೇಳು. ನಿನ್ನಕ್ಕನ ಅತ್ತೆಯನ್ನು ಮುಂದೆ ಕೂರಿಸಿ, ಮರ್ಯಾದೆಯಿಂದ ಓದು.

ಓದಿದ ಮೇಲೂ ಅವರ ಹೆದರಿಕೆಯೇ ಗೆದ್ದು ಕೂಸಿಗೆ ಆ ಹೆಸರು ಬಿದ್ದರೆ, ನಾನು ಸಿಟ್ಟಾಗುವುದಿಲ್ಲ. ಈ ಹಾಳೆಗಳನ್ನು ಮಾತ್ರ ಜೋಪಾನ ಮಾಡಿ. ಇಲಿಯ ಬಾಯಿಗೆ ಸಿಗದ, ಮಳೆ ನೀರು ತಾಕದ ಕಡೆ ಇಡಿ. ಅವಳು ಅಕ್ಷರ ಕೂಡಿಸಿ ಓದಲು ಕಲಿತ ದಿನವೇ ಕೈಗೆ ಕೊಡಿ, ಮದುವೆಯಾಗಲಿ, ಕೂಸಾಗಲಿ ಎಂದು ಕಾಯಬೇಡಿ. ದೊಡ್ಡವಳಾದ ಮೇಲೆ ನೀವು ಬಾಯಿಮಾತಿನಲ್ಲಿ ಹೇಳಿದರೆ, ಸಮಾಧಾನಕ್ಕೆ ಹೇಳುತ್ತಾರೆ ಅಂದುಕೊಂಡಾಳು. ಈ ಹಾಳೆಯ ಬಗ್ಗೆ ಹಾಗೆ ಅಂದುಕೊಳ್ಳಲು ಬರುವುದಿಲ್ಲ. ನಾನು ಇದನ್ನು ಬರೆಯುವಾಗ ಅವಳು ಇನ್ನೂ ಒಂದು ಮಾತೂ ಆಡಿಲ್ಲ, ಒಂದು ಲೆಕ್ಕವೂ ತಪ್ಪಿಲ್ಲ, ಏನನ್ನೂ ಕಳೆದುಕೊಂಡಿಲ್ಲ. ಅವಳನ್ನು ಸಮಾಧಾನ ಮಾಡಬೇಕಾದ ಕಾರಣವೇ ಇನ್ನೂ ಹುಟ್ಟಿಲ್ಲ.